ತಳದಲ್ಲಿ ಉಳಿಸಿದ ಒಂದು ಚಮಚ

ತಾರ್ನಾಕ, ಹೈದರಾಬಾದ್
೧೮ ನವೆಂಬರ್ ೨೦೨೪

ಪ್ರೀತಿಯ ಪ್ರಾಜಕ್ತಾ,

ನಿನಗೂ ಭರತನಿಗೂ ಈ ಮಾವನ ತುಂಬು ಆಶೀರ್ವಾದ. ಸಿಲ್ಚರಿನ ತೇವಕ್ಕೆ ನಿನ್ನ ಸೀನು ಹೆಚ್ಚಾಗಿದೆ ಎಂದು ಭರತ ಹೇಳಿದ. ಈಗ ಹೇಗಿದ್ದೀ? ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸು. ನಿನ್ನ ಅತ್ತೆ ಇದ್ದಿದ್ದರೆ ಫೋನಿನಲ್ಲೇ ನಿನ್ನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ನಮ್ಮ ಮಗರಾಯ ಭರತ ಆ ರೈಲ್ವೆ ಸುರಂಗದ ಕೆಲಸದಿಂದ ಹೊರಗೆ ಬಂದಾಗಲಾದರೂ ಸ್ವಲ್ಪ ಬಿಸಿಲಿಗೆ ನಿಲ್ಲುತ್ತಾನೆಯೇ? ನಾನು ಆರಾಮವಾಗಿದ್ದೇನೆ. ಬಿಪಿ ಹದದಲ್ಲಿದೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತದೆ. ಯೂನಿವರ್ಸಿಟಿಯ ಮರಗಳ ಕೆಳಗೆ ಬೆಳಗಿನ ತಿರುಗಾಟ ತಪ್ಪಿಸಿಲ್ಲ, ನೀನು ಕೊಡಿಸಿದ ಬೂಟು ಇನ್ನೂ ಹೊಸದರಂತೆಯೇ ಇದೆ.

ಕೈಯಲ್ಲಿ ಫೋನಿರುವಾಗ ಈ ಮನುಷ್ಯ ಪಾರ್ಸೆಲ್ಲಿನಲ್ಲಿ ಕಾಗದ ಯಾಕೆ ಇಟ್ಟ ಎಂದು ನಿನಗೆ ಅನಿಸಿರಬೇಕು. ಕಾಗದದ ಜೊತೆಗಿರುವ ಸ್ಟೀಲ್ ಡಬ್ಬಿಯನ್ನು ಮಾತ್ರ ಇದನ್ನು ಓದಿ ಮುಗಿಸಿದ ಮೇಲೆಯೇ ತೆರೆ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಪತ್ರಲೇಖನ ಕಲಿಸಿದವರು, ದುಃಖದ ಸುದ್ದಿ ಇರಲಿ ಸುಖದ್ದಿರಲಿ, ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯಾಕ್ಟ್ಸ್ ಅಂತಲೇ ಶುರು ಮಾಡಿಸುತ್ತಿದ್ದರು. ಅದರ ಮುಂದೇನು ಬರೆಯಬೇಕು ಎನ್ನುವುದು ಮರೆತುಹೋಗಿದೆ. ಆದ್ದರಿಂದ ಫ್ಯಾಕ್ಟುಗಳನ್ನು ನನಗೆ ತಿಳಿದ ಹಾಗೆ ಇಡುತ್ತೇನೆ. ಫೋನಿನಲ್ಲಿ ನೀನು ‘ಮಾವಾ’ ಅಂದರೆ ಸಾಕು, ಹೇಳಬೇಕಾದದ್ದು ಬಿಟ್ಟು ಬೇರೆ ಮಾತೆತ್ತುತ್ತೇನೆ. ದಸರೆಯಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ.

ಈ ಮನೆಗೆ ಬಂದ ಮೇಲೆ ನೀನು ನನ್ನಿಂದ ಬೇಡಿ ಕೇಳಿದ್ದು ಒಂದೇ ಒಂದು, ನಿನ್ನ ಅತ್ತೆಯ ಚೈತ್ರಗೌರಿಯ ರಂಗೋಲಿಯ ಚಿತ್ರಗಳು. ಬರುವ ಚೈತ್ರದಲ್ಲಿ ನಿನ್ನ ಸಂಸಾರದ ಗೌರಿ ಮೊದಲ ಸಲ ಜೋಕಾಲಿಯಲ್ಲಿ ಕೂಡುತ್ತಾಳೆ. ಅವಳ ಮುಂದೆ ಅಂಬಾರಿಯ ಆನೆ, ಆಮೆ, ತುಳಸಿಕಟ್ಟೆ, ಬಾಚಣಿಗೆ, ಕನ್ನಡಿ, ಸೂರ್ಯ, ಚಂದ್ರ ಎಲ್ಲವೂ ಇರುವ ಆ ದೊಡ್ಡ ರಂಗೋಲಿಯನ್ನು ಹಾಕಬೇಕು ಎಂಬುದು ನಿನ್ನ ಆಸೆ. ನಿನ್ನ ಅತ್ತೆ ಸುಮಂಗಲಾ ನಿನಗೆ ಹೇಳಿದ್ದಳಲ್ಲ, “ಈ ವರ್ಷ ನೋಡ್ಕೋತ ಕೂಡು, ಬರೂ ವರ್ಷ ಕೈ ಹಿಡದು ಕಲಸ್ತೀನಿ” ಎಂದು. ಆ ಬರುವ ವರ್ಷ ಅವಳಿಗೆ ಬರಲಿಲ್ಲ. ಕಾಗದದ ಮೇಲೆ ಅವಳು ಎಂದೂ ಬರೆದವಳಲ್ಲ, ನೆಲ ಬಿಟ್ಟರೆ ಬೇರೆಲ್ಲೂ ಅವಳ ಕೈ ಓಡುತ್ತಿರಲಿಲ್ಲ. ಉಳಿದದ್ದು ನಾನು ನಿವೃತ್ತನಾದ ಮೇಲೆ ಕೆಲಸವಿಲ್ಲದೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ತೆಗೆದ ಫೋಟೋಗಳು ಮಾತ್ರ. “ಅಳಸಾಕಂತ ಹಾಕೂದ್ರೀ ಇದು, ಇದರದೇನು ಫೋಟೋ” ಎಂದು ಬೈಯುತ್ತಿದ್ದಳು. ಬೈದರೂ ನಾನು ತೆಗೆಯುವವರೆಗೆ ಹಾಲಿನವನನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸುತ್ತಿದ್ದಳು. ಅದನ್ನೂ ಹೇಳಬೇಕಲ್ಲ.

ನೀವು ಸಿಲ್ಚರಿಗೆ ಹೊರಡುವ ಮೊದಲು ನೀನು ವಾರಗಟ್ಟಲೆ ಕೂತು ಆ ಚಿತ್ರಗಳನ್ನೆಲ್ಲ ಕ್ಯಾಮೆರಾದಿಂದ, ಹಳೇ ಫೋನಿನಿಂದ, ಗೀಚುಬಿದ್ದ ಸಿಡಿಗಳಿಂದ ಆರಿಸಿ ನನ್ನ ಲ್ಯಾಪ್‌ಟಾಪಿಗೆ ತುಂಬಿದೆ. ಲ್ಯಾಪ್‌ಟಾಪಿನಲ್ಲಿ ಒಂದು, ಮನೆಯ ಡಿಸ್ಕಿನಲ್ಲಿ ಇನ್ನೊಂದು, ಮನೆಯ ಹೊರಗೆ ಮತ್ತೊಂದು ಪ್ರತಿ ಇರಲೇಬೇಕು ಎಂದೆ. ಇಂಟರ್ನೆಟ್ಟಿನ ಮೋಡದಲ್ಲಿ ಇಡೋಣವೇ ಎಂದೂ ಕೇಳಿದೆ. ಭೂಜಲ ಇಲಾಖೆಯಲ್ಲಿ ಜೀವಮಾನವಿಡೀ ನೆಲದ ಕೆಳಗಿನ ನೀರು ನಂಬಿದವನು ನಾನು, ಮೋಡ ನಂಬುವುದಿಲ್ಲ ಎಂದು ಹಟ ಹಿಡಿದೆ. ಆಗ ನೀನು, ಲಾತೂರಿನ ಮರಾಠಿ ನಾಲಿಗೆಯವಳು, ನಿನ್ನ ಅತ್ತೆಯ ಕನ್ನಡದಲ್ಲೇ ನನ್ನನ್ನು ಕಟ್ಟಿಹಾಕಿದೆ: “ಮಾವಾ, ಅತ್ತಿಯವರ ಹೆಪ್ಪು ಗಂಗಾ ಮಾವಶಿ ಮನ್ಯಾಗೂ ಇತ್ತಲ್ರಿ, ಇದೂ ಹಂಗ.”

ನನ್ನ ತಾಯಿ ರಾಯಚೂರಿನಿಂದ ತಂದ ಮೊಸರಿನ ಹೆಪ್ಪು ಅದು. ಗಂಗಾಬಾಯಿ ಆಗ ನಮ್ಮ ಪಕ್ಕದ ಮನೆಯವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಸುಮಂಗಲಾ ಅವರಿಗೆ ಒಂದು ಬಟ್ಟಲು ಕೊಟ್ಟಿದ್ದಳು. ನಾವು ಕಾಶಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಹೆಪ್ಪು ಕೆಟ್ಟು ನಾರುತ್ತಿತ್ತು. ಅವಳು ಚಪ್ಪಲಿ ಕೂಡ ಬಿಡದೆ ಗಂಗಾಬಾಯಿಯ ಬಾಗಿಲಿಗೆ ಹೋಗಿ ಅದೇ ಹೆಪ್ಪನ್ನು ವಾಪಸು ತಂದಳು. ಸಂಜೆಗೆ ಅದೇ ಮೊಸರು, ಅದೇ ಹುಳಿ. ಹೆನ್ಸ್ ಪ್ರೂವ್ಡ್. ಆದ್ದರಿಂದ ನಾನೇ ಒಂದು ಡಿಸ್ಕು ತೆಗೆದುಕೊಂಡು, ಬಸ್ಸು ಹತ್ತಿ, ಈಗ ಹಿಮಾಯತ್‌ನಗರದಲ್ಲಿರುವ ಗಂಗಾಬಾಯಿಯ ಮನೆಯಲ್ಲಿ, ಅವರದೇ ಒಂದು ಸ್ಟೀಲ್ ಡಬ್ಬಿಯೊಳಗೆ ಇಟ್ಟು ಬಂದೆ. ಮನೆಯ ಡಿಸ್ಕಿಗೆ ನೀನು ಹೇಳಿದಂತೆ ತಿಂಗಳಿಗೊಮ್ಮೆ ತಂತಿ ಹಚ್ಚಿ, ಹೊಸದನ್ನು ತುಂಬಿ, ಒಂದೆರಡು ಚಿತ್ರ ತೆರೆದು ನೋಡಿ, ತಂತಿ ಕಿತ್ತು ಬೇರೆ ಕಪಾಟಿನಲ್ಲಿ ಇಡುತ್ತಿದ್ದೆ. ಯಾವಾಗಲೂ ತಂತಿ ಹಚ್ಚಿಡಬೇಡಿ, ಎಲ್ಲವನ್ನೂ ಒಂದೇ ಕಡೆ ಕೂಡಿಸಬೇಡಿ ಎಂದು ನೀನು ಬೆರಳು ಮಡಚಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನೆನಪಿದ್ದೂ ಏನು ಮಾಡಿದೆ ಎಂದು ಕೇಳು.

ಅವಳ ವರ್ಷಾಂತಿಕ ಮುಗಿದ ಮೇಲೆ ಮನೆಯಲ್ಲಿ ನಡೆಯುವ ಮೊದಲ ದೊಡ್ಡ ಹಬ್ಬ ದಸರೆ. ಆಯುಧಪೂಜೆಯಲ್ಲಿ ಏನೂ ಕಡಿಮೆಯಾಗಬಾರದು ಎಂದು ಮನಸ್ಸು. ಅವಳು ಈಳಿಗೆ, ಕತ್ತರಿ, ಹೊಲಿಗೆ ಮಷೀನಿನ ಸೂಜಿ, ನನ್ನ ಹಳೆಯ ನೀರಿನ ಮಾಪಕ ಎಲ್ಲಕ್ಕೂ ಕುಂಕುಮ ಹಚ್ಚುತ್ತಿದ್ದಳು, ಒಂದನ್ನೂ ಬಿಡುತ್ತಿರಲಿಲ್ಲ. ಈಗ ನನ್ನ ಮನೆಯ ಆಯುಧವೆಂದರೆ ಆ ಲ್ಯಾಪ್‌ಟಾಪು, ಆ ಡಿಸ್ಕುಗಳು. ಎರಡಕ್ಕೆ ಪೂಜೆ ಮಾಡಿ ಮೂರನೆಯದನ್ನು ಮನೆಯಾಚೆ ಬಿಡುವುದು ಹೇಗೆ? ಮಂಗಳವಾರ ಹಿಮಾಯತ್‌ನಗರಕ್ಕೆ ಹೋಗಿ ಡಬ್ಬಿ ಕೇಳಿದೆ. ಗಂಗಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವತ್ತ ಮಂಗಳವಾರ, ಮನ್ಯಾಗಿನ ವಸ್ತು ಹೊರಗ ಕೊಡೂದಿಲ್ಲ ನಾ. ನಾಳೆ ಬರ್ರಿ” ಅಂದರು. ಬಸ್ಸಿನ ನೂಕುನುಗ್ಗಲಿನಲ್ಲಿ ಅವರ ಮಂಗಳವಾರಕ್ಕೆ ಮನಸ್ಸಿನಲ್ಲೇ ಏನೇನೋ ಅಂದುಕೊಂಡು, ಮರುದಿನ ಮತ್ತೆ ಹೋಗಿ ತಂದೆ.

ಪೂಜೆಯ ದಿನ ನಿನ್ನ ಅತ್ತೆಯ ಹಸಿರು ಕುಪ್ಪಸದ ಖಣವನ್ನು ಮಣೆಯ ಮೇಲೆ ಹಾಸಿ, ಲ್ಯಾಪ್‌ಟಾಪನ್ನು ತೆರೆದಿಟ್ಟು, ಅದರ ಪರದೆಯ ಮೇಲೆ ಅವಳದೇ ಒಂದು ರಂಗೋಲಿ ಬರಿಸಿದೆ. ಆಯುಧ ನಡೆಯುತ್ತಿರುವಾಗಲೇ ಪೂಜೆಯಾಗಲಿ ಎಂದು ಎರಡೂ ಡಿಸ್ಕುಗಳ ತಂತಿ ಅದಕ್ಕೆ ಹಚ್ಚಿದೆ. ಕುಂಕುಮ, ಅಕ್ಷತೆ, ಸೇವಂತಿಗೆ, ಪಕ್ಕದಲ್ಲಿ ಉರಿಯುವ ದೀಪದ ಸಮೆ. ನೋಡಲು ಎಷ್ಟು ಚಂದವಾಗಿತ್ತೆಂದರೆ ನಿನಗೆ ಫೋಟೋ ಕಳಿಸಬೇಕೆಂದು ಫೋನು ಹುಡುಕಲು ಒಳಗೆ ಹೋದೆ. ಧೂಪದ ಹೊಗೆಗೆಂದು ಬಾಲ್ಕನಿಯ ಬಾಗಿಲು ತೆರೆದಿದ್ದೆ, ತೋರಣ ಕಟ್ಟಲು ಬಲೆಯ ಒಂದು ಮೂಲೆಯನ್ನೂ ಬಿಚ್ಚಿದ್ದೆ. ನಮ್ಮ ಕಟ್ಟಡದ ಪಾರಿವಾಳಗಳು ನಿನಗೆ ಗೊತ್ತಲ್ಲ, ಬಾಡಿಗೆ ಕೊಡುವವರಿಗಿಂತ ಅವುಗಳದೇ ದರ್ಪ ಹೆಚ್ಚು. ಒಂದು ಒಳಗೆ ನುಗ್ಗಿ, ದಾರಿ ಕಾಣದೆ ಗೋಡೆಯಿಂದ ಗೋಡೆಗೆ ಬಡಿದು, ಸಮೆಯ ಮೇಲೆ ಬಿತ್ತು. ನಾನು ಬರುವಷ್ಟರಲ್ಲಿ ಖಣ ಹೊತ್ತಿಕೊಂಡಿತ್ತು. ಕಲಶದ ನೀರು ಸಾಲಲಿಲ್ಲ. ತುಂಬಿಟ್ಟಿದ್ದ ಕೊಡ ಎತ್ತಿ ಪೂರ್ತಿ ಸುರಿದೆ.

ಬೆಂಕಿ ಆರಿತು. ಪಾರಿವಾಳ ಹಾರಿಹೋಯಿತು. ಪರದೆಯ ಮೇಲಿನ ರಂಗೋಲಿ ಒಮ್ಮೆ ನಡುಗಿ ಕಪ್ಪಾಯಿತು. ಹಳೇ ಕ್ಯಾಮೆರಾ, ಫೋನು, ಸಿಡಿಗಳನ್ನೆಲ್ಲ ನೀವು ಹೊರಟ ಮೇಲೆ ಗುಜರಿಗೆ ಹಾಕಿದ್ದೆ. ಒದ್ದೆಯಾದ ವಸ್ತುಗಳನ್ನು ಒಂದು ರಿಪೇರಿ ಅಂಗಡಿಗೆ ಒಯ್ದೆ. ಅವನು ಮೂರನ್ನೂ ಬಿಚ್ಚಿ ನೋಡಿ, ಒಂದೇ ತಂತಿಯಲ್ಲಿದ್ದುದರಿಂದ ಒಂದರ ಹಿಂದೆ ಒಂದು ಸುಟ್ಟಿವೆ ಎಂದ. ಕೊನೆಗೆ “ಅಯಿಪೋಯಿಂದಿ ಸಾರ್”, ಮುಗಿದುಹೋಯಿತು ಎಂದು ಮೆಲ್ಲಗೆ ನನ್ನ ಕಡೆ ಸರಿಸಿದ. ಡಾಕ್ಟರು ಹೊರಗೆ ಬಂದು ಹೇಳುವ ಹಾಗೆ. ಆ ಮಾತನ್ನು ಹೋದ ವರ್ಷ ಒಮ್ಮೆ ಕೇಳಿದ್ದೆ ಪ್ರಾಜಕ್ತಾ, ಮತ್ತೆ ಕೇಳುತ್ತೇನೆ ಅಂದುಕೊಂಡಿರಲಿಲ್ಲ.

ಆಮೇಲೆ ನೀನು ಫೋನಿನಲ್ಲಿ “ಚೈತ್ರದ ಚಿತ್ರ ಅರಾಮ ಅದಾವೇನ್ರಿ” ಎಂದಾಗೆಲ್ಲ ಹಾಂ ಹಾಂ ಎಂದು ನಿನ್ನ ಸೀನಿನ ಮಾತೆತ್ತಿದೆ. ನೀನು ನಂಬಿದೆಯೋ, ನಂಬಿದಂತೆ ಮಾಡಿದೆಯೋ ತಿಳಿಯದು. ಬೆಳಿಗ್ಗೆ ವಾಕಿಂಗಿನಲ್ಲಿ ಆನೆ ಎಲ್ಲಿತ್ತು, ಆಮೆ ಯಾವ ಬದಿಗಿತ್ತು ಎಂದು ನೆನಪಿನಿಂದ ಜೋಡಿಸಲು ನೋಡುತ್ತಿದ್ದೆ. ತುಳಸಿಕಟ್ಟೆಯವರೆಗೆ ಬರುತ್ತಿತ್ತು, ಮುಂದೆ ಬರೀ ಬಿಳಿ ಪುಡಿ.

ತುಳಸಿ ಲಗ್ನದ ದಿನ ಗಂಗಾಬಾಯಿಯ ಖಾಲಿ ಡಬ್ಬಿ ಹಿಂದಿರುಗಿಸಲು ಹೋದೆ. ಖಾಲಿ ಡಬ್ಬಿ ಕೊಡಬಾರದೆಂದು ಸಕ್ಕರೆ ತುಂಬಿದ್ದೆ. ಅವರು ಮುಚ್ಚಳ ತೆಗೆದು ಸಕ್ಕರೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಎಲ್ಲ ಹೇಳಿದೆ. ಪೂರ್ತಿ ಕೇಳಿ, “ನೆಲದಾಗಿನ ನೀರು ಹುಡುಕಿ ಹುಡುಕಿ ಕಡೀಕ ಎಲ್ಲಿ ಹೊಯ್ದ್ರಿ ನೋಡ್ರಿ” ಎಂದಷ್ಟೇ ಅಂದು ಎದ್ದು, ಇಸ್ಪೀಟು ಆಡಲು ಇಟ್ಟುಕೊಂಡಿರುವ ತಮ್ಮ ಹಳೇ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದರು. ಇಸ್ಪೀಟಿನ ಚಿತ್ರದ ಪಕ್ಕದಲ್ಲಿ ಒಂದು ಹಳದಿ ಫೋಲ್ಡರು. ಹೆಸರು, ಸುಮಂಗಲಾ. ತೆರೆದರೆ ಒಂದರ ಕೆಳಗೊಂದು ಎಲ್ಲ ಬೆಳಗುಗಳೂ ಇದ್ದವು.

ಇವು ಇಲ್ಲಿಗೆ ಹೇಗೆ ಬಂದವು ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು: “ಹೆಪ್ಪು ಕೇಳಾಕ ಬಂದೋರಿಗೆ ಪಾತೇಲಿ ಬಳದು ಕೊಡತಾರೇನ್ರಿ? ತಳಕ್ಕ ಒಂದು ಚಮಚ ಇಟ್ಕೊಂಡ ಕೊಡತಾರ. ನನಗ ಇದನ್ನ ಕಲಿಸಿದಾಕಿ ನಿಮ್ಮ ಹೆಂಡತಿ.” ಆ ಮಂಗಳವಾರ ನನ್ನನ್ನು ವಾಪಸು ಕಳಿಸಿ ಅವರು ಫೋನು ಮಾಡಿದ್ದು ನಿನಗಂತೆ. ಸಿಗ್ನಲ್ಲು ಬಂದು ಹೋಗಿ ಮಾಡುವ ನಿನ್ನ ಊರಿನಿಂದ ನೀನು ವೀಡಿಯೋದಲ್ಲಿ ಯಾವ ತಂತಿ ಎಲ್ಲಿಗೆ, ಯಾವುದನ್ನು ಒತ್ತಬೇಕು ಎಂದು ತೋರಿಸಿದೆಯಂತೆ. ಜೀವನವೆಲ್ಲ ತಂತಿ ಚುಚ್ಚಿ ಊರಿನ ಮಾತು ಜೋಡಿಸಿದವರು ಅವರು, ಹೆದರಲಿಲ್ಲವಂತೆ. ಚಿತ್ರಗಳು ಭಾಳ ದೊಡ್ಡವು, ಈ ನೆಟ್ಟಿನಲ್ಲಿ ನನ್ನವರೆಗೆ ಬರುವುದಿಲ್ಲ, ನಿಮ್ಮಲ್ಲೇ ಇರಲಿ ಎಂದೆಯಂತೆ. ಕೊನೆಗೆ ನೀನು ಹೇಳಿದ ಮಾತನ್ನು ಅವರು ನಿನ್ನ ದನಿಯಲ್ಲೇ ಆಡಿ ತೋರಿಸಿದರು: “ಮಾವಗ ಹೇಳಬ್ಯಾಡ್ರಿ, ತಮ್ಮ ಮ್ಯಾಲ ನಂಬಿಕಿಲ್ಲ ಅಂತ ಮನಸ್ಸಿಗೆ ಹಚ್ಗೋತಾರ.”

ಐ ಆಮ್ ವೆರಿ ಮಚ್ ಗ್ರೇಟ್‌ಫುಲ್ ಅನ್ನುವುದನ್ನು ಅರ್ಜಿಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಕಚೇರಿಯಿಂದ ರಜೆ ಪಡೆಯಲು. ಇಲ್ಲಿ ಬರೆದರೆ ಅದು ಸಣ್ಣದಾಗುತ್ತದೆ. ಆ ಮಧ್ಯಾಹ್ನ ಮೊದಲ ಚಹಾ ಮುಗಿಯುವ ಮೊದಲೇ ಎರಡನೆಯದು ಕೇಳಿದೆ, ಎದ್ದು ಬರಲು ಮನಸ್ಸಿರಲಿಲ್ಲ. ಚೈತ್ರದ ಆನೆ ಬಲಕ್ಕಿತ್ತು ಮಗಳೇ, ನಾನು ಎಡಕ್ಕೆ ಇಟ್ಟು ತಿಂಗಳಿಡೀ ಒದ್ದಾಡಿದ್ದೆ. ಇನ್ನೊಂದು ಕಂಡಿತು. ಬಹಳಷ್ಟು ಫೋಟೋಗಳ ಕೆಳಮೂಲೆಯಲ್ಲಿ ನನ್ನ ಕಾಲ್ಬೆರಳು ಬಿದ್ದಿದೆ. ಆಗ ಸುಮಂಗಲಾ ಅದಕ್ಕೇ ಬೈಯುತ್ತಿದ್ದಳು. ಈಗ ನೋಡಿದರೆ ಅವಳು ಬಗ್ಗಿ ಬರೆದದ್ದರ ಪಕ್ಕದಲ್ಲಿ ನಾನೂ ದಿನಾ ನಿಂತಿದ್ದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಕತ್ತರಿಸಬೇಡ, ಇರಲಿ.

ಇನ್ನು ಡಬ್ಬಿ ತೆರೆ. ಅದರಲ್ಲಿರುವ ಹೊಸ ಡಿಸ್ಕು ನಿನ್ನದು. ಗಂಗಾಬಾಯಿಯೂ ನಾನೂ ಕೂಡಿ ತುಂಬಿದೆವು, ಅಲ್ಲಲ್ಲಿ ತೆರೆದು ನೋಡಿ ಖಾತ್ರಿ ಮಾಡಿದೆವು. ಅಂಥದೇ ಇನ್ನೊಂದು ನನ್ನ ಕಪಾಟಿನಲ್ಲಿದೆ, ತಂತಿ ಕಿತ್ತಿಟ್ಟು, ದೇವರಿಂದ ದೂರ. ಅವರ ಕಂಪ್ಯೂಟರಿನಲ್ಲಿ ಇಸ್ಪೀಟಿನ ಪಕ್ಕದಲ್ಲಿ ಅವಳು ಇದ್ದೇ ಇರುತ್ತಾಳೆ. ಡಬ್ಬಿ ಗಂಗಾಬಾಯಿಯದೇ, ಖಾಲಿ ಹಿಂದಿರುಗಿಸಬೇಡ. ಮುಂದೆ ನಿನ್ನ ಓರಗೆಯವರು ಯಾರಾದರೂ ಆ ರಂಗೋಲಿ ಕೇಳಿದರೆ ಧಾರಾಳವಾಗಿ ಕೊಡು, ಆದರೆ ತಳಕ್ಕೆ ಒಂದು ಚಮಚ ಇಟ್ಟುಕೊಂಡು.

ಭರತನಿಗೆ ಸುರಂಗದಲ್ಲಿ ಟೊಪ್ಪಿಗೆ ತೆಗೆಯಬೇಡ ಎಂದು ಹೇಳು. ಗಂಗಾಬಾಯಿ ನಿನ್ನನ್ನು ಕೇಳಿದ್ದಾರೆ. ನಿಮ್ಮಿಬ್ಬರ ಮನೆಬಾಗಿಲು ಸದಾ ತುಂಬಿರಲಿ.

ನಿನ್ನ ಮಾವ,
ಪ್ರಲ್ಹಾದ

ತಾ.ಕ.: ಪೋಸ್ಟಾಫೀಸಿನ ಕೌಂಟರಿನಲ್ಲೇ ನಿಂತು ಬರೆಯುತ್ತಿದ್ದೇನೆ, ಪಾರ್ಸೆಲ್ಲು ಹೊಲಿಯುವವನು ಅವಸರ ಮಾಡುತ್ತಿದ್ದಾನೆ. ಸಿಲ್ಚರಿಗೆ ಬನ್ನಿ ಎಂದು ನೀನು ಕರೆದಾಗೆಲ್ಲ ಮನೆ ನೋಡಿಕೊಳ್ಳುವವರು ಯಾರು ಎನ್ನುತ್ತಿದ್ದೆನಲ್ಲ, ಮನೆಗೇನು, ಬೀಗ ಹಾಕಿದರೆ ಆಯಿತು. ಅವಳನ್ನು ಬಿಟ್ಟು ಹೇಗೆ ಬರಲಿ ಎಂಬುದೇ ನನ್ನ ಸಂಕಟವಾಗಿತ್ತು. ಈಗ ಅವಳು ಮೂರು ಮನೆಯಲ್ಲಿದ್ದಾಳೆ, ನಾನು ಕಾವಲು ಕೂಡಬೇಕಿಲ್ಲ. ಚೈತ್ರಕ್ಕೆ ಶಂಶಾಬಾದಿನಿಂದ ವಿಮಾನ ಹತ್ತುತ್ತೇನೆ. ನೀನು ರಂಗೋಲಿ ಹಾಕು, ಫೋಟೋ ನಾನು ತೆಗೆಯುತ್ತೇನೆ. ಕಾಲ್ಬೆರಳು ಬಂದರೆ ಬೈಯಬೇಕು.