ಬಂದೂಕಿನವನ ಗಡ್ಡ

ಅಪ್ಪಾ,

ಎದುರು ನಿಂತರೆ ಜಗಳವಾಗುತ್ತದೆಂದು ಬರೆಯುತ್ತಿದ್ದೇನೆ. ಕ್ಲಾಸಿನವರ ಜೊತೆ ತೆಗೆಯುತ್ತಿರುವ ನನ್ನ ಕೌಬಾಯ್ ಸಿನಿಮಾದ ಮೊದಲ ದೃಶ್ಯ ಅರ್ಧ ಮುಗಿದಿತ್ತು. ಬಂದೂಕು ಹಿಡಿದು ಬಾಗಿಲಿಗೆ ಬರುವವರು ನೀವೇ. ಶೂಟಿಂಗ್ ಮುಗಿಯುವವರೆಗೆ ಗಡ್ಡ ಮುಟ್ಟಬೇಡಿ ಎಂದು ಬಡಕೊಂಡಿದ್ದೆ. ನಿನ್ನೆ ತೆಗೆದದ್ದನ್ನು ತೋರಿಸಿದರೆ, "ಥೇಟ್ ನಮ್ಮಪ್ಪನ ಥರ ಇದೀನಲ್ಲೇ" ಅಂದು ಎದ್ದು ಹೋದಿರಿ. ಬೆಳಿಗ್ಗೆ ನೋಡಿದರೆ ಕೆನ್ನೆ ನುಣ್ಣಗೆ! ಇಡೀ ಕ್ಲಾಸಿನೆದುರು ನನ್ನ ಮರ್ಯಾದೆ ಹೋಯಿತು.

ಚಿಕ್ಕವರಿದ್ದಾಗ ಅಜ್ಜ ಬೆಲ್ಟ್ ಹಿಡಿದು ಬಾಗಿಲಿಗೆ ಬಂದರೆ ನೀವು ಮಂಚದಡಿ ಅಡಗುತ್ತಿದ್ದಿರಂತೆ. ಅಮ್ಮ ಈಗ ಹೇಳುತ್ತಾಳೆ! ಮೊದಲೇ ಬಾಯಿ ಬಿಡಲು ನಿಮಗಿಬ್ಬರಿಗೂ ಏನಾಗಿತ್ತು?

ಭಾನುವಾರ ತಪ್ಪದೆ ಬನ್ನಿ. ಗಡ್ಡ ಬೇಡ. ಬಂದೂಕನ್ನು ಮಾವನಿಗೆ ಕೊಟ್ಟು ದೃಶ್ಯ ಬದಲಿಸಿದ್ದೇನೆ. ನೀವು ಮನೆಯೊಳಗೆ ಕುರ್ಚಿಯಲ್ಲಿ ಕೂತಿರುತ್ತೀರಿ. ಬಂದೂಕಿನವನು ಬಾಗಿಲು ಬಡಿಯುತ್ತಾನೆ. ನೀವು ತೆರೆಯುವುದಿಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ
ನಿಮ್ಮ ಡೈರೆಕ್ಟರ್ ಮಗಳು