ತುರಾದ ಹಂದರ

ಐನಾಪುರ, ತಾ. ಕಾಗವಾಡ
೯ ಜನವರಿ ೨೦೨೫

ಸಂಜುಅಣ್ಣಾ,

ನಮಸ್ಕಾರ. ಮೊದಲು ‘ತೀರ್ಥರೂಪ ಸಮಾನ’ ಎಂದು ಶುರು ಮಾಡಿದ್ದೆ, ಆಮೇಲೆ ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿದೆ. ನಾನಿಲ್ಲಿ ಆರಾಮ ಇದ್ದೇನೆ. ನಾಲ್ಕು ದಿನದಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತಿಲ್ಲ. ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಫೋನಿನಲ್ಲಾದರೆ ನೀನು ಎರಡನೆಯ ಮಾತಿಗೇ “ಬಿಡ ಬೇ, ಆಗಿದ್ದ ಆಗಿಹೋತು” ಅಂದು ನನ್ನ ಬಾಯಿ ಮುಚ್ಚಿಸುತ್ತೀ. ಕಾಗದದಲ್ಲಿ ನಿನಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಪೂರ್ತಿ ಓದು, ನಿನ್ನ ಹೆಂಡತಿಗೂ ಓದಿ ಹೇಳು, ವೈನಿಗೂ ಎಲ್ಲ ಗೊತ್ತಾಗಲಿ.

ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ, ತವರಿಗೆ ಬಾ, ಕರಿಸೀರೆ ತಂದಿಟ್ಟಿದ್ದೇವೆ, ತೊಡಿಸಲು ಕುಸರೆಳ್ಳಿನ ದಾಗೀನು ಮಾಡಿಸಿದ್ದೇವೆ ಎಂದು ವೈನಿಯ ಕೈಲಿ ಮೆಸೇಜು ಹಾಕಿಸಿದ್ದೀ. ನಾನು ಬರುವುದಿಲ್ಲ. ಇನ್ನು ಮುಂದೆ ಆ ಮನೆಯ ಹೊಸ್ತಿಲು ತುಳಿಯಬೇಕೋ ಬೇಡವೋ ಎಂಬುದು ನೀನು ಮಾಡುವ ಒಂದು ಕೆಲಸದ ಮೇಲಿದೆ. ಅದು ಯಾವುದು ಎಂದು ಬರೆಯಲಿಕ್ಕೇ ಕೂತಿದ್ದೇನೆ, ಆದರೆ ಮೊದಲು ಬೇರೆ ಸುದ್ದಿ ಬರೆದು ಸಿಟ್ಟು ಇಳಿಸಿಕೊಳ್ಳುತ್ತೇನೆ, ಸ್ವಲ್ಪ ತಡಿ.

ಇಲ್ಲಿಯ ಸುದ್ದಿ ಹೇಳುತ್ತೇನೆ. ದ್ರಾಕ್ಷಿ ಗೊನೆಗಳಿಗೆ ಪೇಪರು ಸುತ್ತುವ ಕೆಲಸ ನಡೆದಿದೆ. ನನ್ನ ಕೈ ಚುರುಕು ಎಂದು ನಮ್ಮವರು, ಸುಧೀರ, ಆಳುಗಳ ಮುಂದೆ ಹೊಗಳುತ್ತಾರೆ. ಹೊಲಿಗೆ ಮಷೀನಿಗೆ ಪಡಸಾಲೆಯಲ್ಲಿ ಬೆಳಕಿರುವ ಕಡೆ ಜಾಗ ಮಾಡಿಕೊಟ್ಟಿದ್ದಾರೆ. ಒಳ್ಳೆಯ ಮನುಷ್ಯ. ಬಾಪುಸಾಹೇಬ ಕಾಕಾ ಈ ಸಂಬಂಧವನ್ನು ನಿನಗೆ ಹೇಳುವ ಮೊದಲು ನನಗೇ ಹೇಳಿ ಪುಣ್ಯ ಕಟ್ಟಿಕೊಂಡರು. ಮನೆಯಲ್ಲಿ ನನ್ನೊಡನೆ ನೆಟ್ಟಗೆ ಮಾತಾಡದವರು ಒಬ್ಬರೇ, ಇವರ ಸೋದರತ್ತೆ ಹೊಳೆವ್ವ. ತಾಯಿ ಇಲ್ಲದ ಇವರನ್ನು ಸಾಕಿ ಬೆಳೆಸಿದವರು, ಕೀಲಿಕೈ ಇನ್ನೂ ಅವರ ಸೊಂಟದಲ್ಲೇ ಇದೆ. ನಾನು ಬಡಿಸಿದರೆ ತಾಟು ಅತ್ತ ಸರಿಸಿ, ತಾವೇ ಎದ್ದು ಬಡಿಸಿಕೊಳ್ಳುತ್ತಾರೆ. ಅವರನ್ನು ನೀನು ಮರೆತಿರಲಿಕ್ಕಿಲ್ಲ.

ಈಗ ಮದುವೆಯ ಮಾತಿಗೆ ಬರುತ್ತೇನೆ. ನಿಪ್ಪಾಣಿಯ ಡೆಕೋರೇಶನ್‌ದವ ತನ್ನ ರೇಟು ಹೇಳಿದಾಗ ನಿನಗೆ ಬಿಕ್ಕಳಿಕೆ ಬಂದಿತ್ತು. “ಪ್ರಾಜು, ಒಂದ ದಿವ್ಸದ ಸಿಂಗಾರಕ್ಕ ಇಷ್ಟ್ಯಾಕ ಬೇ? ಸಾದಾ ಮಾಡೂನು” ಅಂದೆ. ನನಗೂ ಖರೆ ಅನ್ನಿಸಿತು. ಹದಿನೈದು ವರ್ಷ ಊರ ಹೆಂಗಸರ ಕುಪ್ಪಸ ಹೊಲಿದವಳು, ನನ್ನ ಮದುವೆಯ ಹಂದರವನ್ನು ನಾನೇ ಸಿಂಗರಿಸಲಾರೆನೇ ಎಂದು ಹುರುಪಿನಿಂದ ಒಪ್ಪಿಕೊಂಡೆ. ದಸರೆಗೆ ಮೊದಲೇ ಬದುವಿನಗುಂಟ ಚೆಂಡುಹೂವಿನ ಸಸಿ ಹಚ್ಚಿದೆ. ಅವ್ವನ ಹಳೆಯ ಸೀರೆಗಳನ್ನು ಒಗೆದು ಇಸ್ತ್ರಿ ಮಾಡಿ ಪರದೆ ಹೊಲಿದೆ. ಮಷೀನಿನ ಬುಡದಲ್ಲಿ ಉಳಿದ ಚಿಂದಿಯಲ್ಲೇ ಇನ್ನೂರು ಗುಲಾಬಿ ಸುತ್ತಿದೆ. ಬಾಳೆಕಂಬ ನಮ್ಮವೇ, ಮಾವಿನೆಲೆ ನಮ್ಮವೇ. ಮೇಲಿನ ಕಮಾನಿಗೆ ಏನು ಕಟ್ಟಲಿ ಎಂದು ಹುಡುಕುವಾಗ ಮೊಬೈಲಿನಲ್ಲಿ ಪುಣೆಯ ಒಂದು ಮದುವೆ ಕಂಡಿತು. ಹಂದರದ ತುಂಬ ಬೆಳ್ಳಗಿನ ಹುಲ್ಲಿನ ಗರಿ, ಪರದೇಶದಿಂದ ತರಿಸಿದ್ದಂತೆ. ನನಗೆ ನಗು ಬಂತು. ನಮ್ಮ ಕಾಲುವೆ ಹೊಲದಲ್ಲಿ ಥೇಟ್ ಅಂಥವೇ ಸಾವಿರ ನಿಂತಿದ್ದವು, ಕಬ್ಬಿನ ತುರಾ.

ಕಬ್ಬು ಬೆಳೆಯುವವರ ಮನೆಯಲ್ಲಿ ಹುಟ್ಟಿದವಳಿಗೆ ತುರಾ ಅಂದರೇನು ಎಂದು ಗೊತ್ತಿರಲಿಲ್ಲವೇ? ತುದಿಯಲ್ಲಿ ಆ ಬಿಳಿ ಹೂ ಬಂತೆಂದರೆ ಕಡಿಯುವ ಹೊತ್ತು ಮೀರಿತು, ಒಳಗೆ ಬೆಂಡಾಯಿತು, ತೂಕ ಹೋಯಿತು. ಹೊಲದಲ್ಲಿ ತುರಾ ಕಂಡರೆ ದಾರಿಯಲ್ಲಿ ಹೋಗುವವರೂ ಅಯ್ಯೋ ಅನ್ನುತ್ತಾರೆ. ಅದಕ್ಕೇ ನಿನ್ನನ್ನು ಕೇಳಿದೆ, ನೆನಪು ತೆಗಿ. ನೀನು ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದೆ. “ಬೀಗರು ಏನಾರ ಅಂದಾರು, ಅಣ್ಣಾ” ಅಂದೆ. “ಯಾರ ಏನಂತಾರ? ಪುಣೆದಾವ್ರು ರೊಕ್ಕಾ ಕೊಟ್ಟ ತರ್ತಾರ, ನಮ್ಮಲ್ಲಿ ಫುಕಟ ಐತಿ. ಕೊಯ್ಕೋ ಎಷ್ಟ ಬೇಕ ಅಷ್ಟ” ಅಂದವನು ನೀನು.

ನಮ್ಮ ಹೊಲದ ಕೆಲಸಕ್ಕೆ ಬರುವ ಸುಗಂಧಾಕ್ಕ ನನಗೋಸ್ಕರ ಎರಡು ದಿನದ ಪಗಾರ ಬಿಟ್ಟು ಬಂದಳು. ಅವಳು ಕಬ್ಬು ಬಾಗಿಸಿ ಹಿಡಿಯುವುದು, ನಾನು ಕುಡುಗೋಲಿನಿಂದ ತುರಾ ಕೊಯ್ಯುವುದು. ಪೂರ್ತಿ ಅರಳಿದ್ದನ್ನು ತಂದರೆ ಅರಳೆ ಹಾರಿ ಊಟದ ಎಲೆಗೆ ಬೀಳುತ್ತದೆ. ಅದಕ್ಕೆ ಅರ್ಧ ಬಿಚ್ಚಿದ್ದನ್ನೇ ಆರಿಸಿ, ತಲೆಕೆಳಗಾಗಿ ತೂಗುಹಾಕಿ, ನೆರಳಿನಲ್ಲಿ ಒಣಗಿಸಿ, ಸೀರೆಗೆ ಹಾಕುವ ಗಂಜಿಯನ್ನು ತೆಳ್ಳಗೆ ಮಾಡಿ ಸಿಂಪಡಿಸಿದೆವು. ಕಬ್ಬಿನ ಗರಿ ನನ್ನ ಎರಡೂ ಕೈ ಗೀರಿತ್ತು. ಅರಿಷಿಣ ಹಚ್ಚುವಾಗ ಚುರುಚುರು ಉರಿದು ನಾನು ‘ಹಾ’ ಅಂದರೆ, ಹೆಂಗಸರು ನಾಚಿಕೆ ಎಂದುಕೊಂಡು ನಕ್ಕರು. ಹಂದರ ಎದ್ದು ನಿಂತ ದಿನ ನಮ್ಮೂರು ಬೇಡಕಿಹಾಳ ಅರ್ಧಕ್ಕರ್ಧ ನೋಡಲು ಬಂತು. ನೀನೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಸ್ಟೇಟಸ್ ಇಟ್ಟಿದ್ದೆ. ಮೂವತ್ತೈದನೆಯ ವರ್ಷಕ್ಕೆ ನನ್ನ ಮದುವೆ. ನನ್ನ ಕೈಯಾರೆ ಕಟ್ಟಿದ ಆ ಕಮಾನಿನ ಕೆಳಗೆ ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು, ಅಣ್ಣಾ. ಬಂಗಾರ ಕೇಳಿದೆನೇ, ರೇಷ್ಮೆ ಕೇಳಿದೆನೇ?

ಮದುವೆಯ ಮುಂಜಾನೆ ಬೀಗರ ಗಾಡಿಗಳು ಬಂದವು. ನಾನು ಒಳಗೆ ಕಿಟಕಿಯ ಹತ್ತಿರ ಕೂತಿದ್ದೆ, ಬಾಸಿಂಗ ಕಟ್ಟಿಯಾಗಿತ್ತು. ಹೊಳೆವ್ವ ಅಂಗಳಕ್ಕೆ ಬಂದು ಹಂದರವನ್ನು ಮೇಲಿನಿಂದ ಕೆಳಗೆ ನೋಡಿದರು. “ಅಯ್ಯ ಶಿವನ! ತುರಾ ಬಂದ ಕಬ್ಬಿಗಿ ತುರಾದ್ದಽ ಹಂದರ ಹಾಕ್ಯಾರ ನೋಡ್ರೆವಾ!” ಅಂದರು. ಅವರ ಕಡೆಯ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. “ಬೆಂಡ ಆದದ್ದನ್ನ ನಮ್ಮ ಕೊಳ್ಳಿಗಿ ಕಟ್ಟಾಕತ್ತಾರ, ಮ್ಯಾಲ ಡಂಗುರಾನೂ ಹೊಡ್ಯಾಕತ್ತಾರ. ಇದರ ಬುಡಕ ನಮ್ಮ ಹುಡುಗ ನಿಲ್ಲಂಗಿಲ್ಲ” ಅಂದರು. ನನ್ನ ಕಿವಿ ಕಾದ ಹಂಚಿನಂತಾಯಿತು. ಆದರೂ ಒಂದು ಧೈರ್ಯವಿತ್ತು. ನಮ್ಮಣ್ಣ ಅಲ್ಲೇ ನಿಂತಿದ್ದಾನೆ, ಈಗ ಒಂದು ಮಾತು ಆಡುತ್ತಾನೆ ಅಂದುಕೊಂಡೆ.

ಆಡಿದೆ, ಆಡಲಿಲ್ಲವೆಂದಲ್ಲ. ಎರಡೂ ಕೈ ಜೋಡಿಸಿ, “ತಪ್ಪಾತ್ರಿ ಅಕ್ಕಾರ. ನಮ್ಮ ತಂಗಿಗಿ ಬುದ್ಧಿ ಕಡಿಮಿ, ಮೊಬೈಲ್ ನೋಡಿ ಏನೋ ಹುಚ್ಚಾಟ ಮಾಡ್ಯಾಳ. ನನಗ ಗೊತ್ತಽ ಇರಲಿಲ್ರಿ. ಈಗಿಂದೀಗ ತೆಗಸ್ತೀನಿ” ಅಂದೆ. ಗೊತ್ತೇ ಇರಲಿಲ್ಲವೇ? ನಿನ್ನ ಮೊಬೈಲಿನಲ್ಲಿ ನಿನ್ನ ಸ್ಟೇಟಸ್ ಇನ್ನೂ ಓಡುತ್ತಿತ್ತಲ್ಲೋ! ಬಾಸಿಂಗ ಕಟ್ಟಿದವಳು ಹೊಸ್ತಿಲು ದಾಟಬಾರದು ಎಂದು ಹೆಂಗಸರು ನನ್ನ ತೋಳು ಹಿಡಿದು ಕೂರಿಸಿದರು. ಇಲ್ಲವಾದರೆ ಅವತ್ತೇ ಹೊರಗೆ ಬಂದು ನಿನ್ನ ಮುಂದೆ ನಿಲ್ಲುತ್ತಿದ್ದೆ. ನೀನೇ ಏಣಿ ಹತ್ತಿ ಕಿತ್ತೆ. ತುರಾ, ಚೆಂಡುಹೂವಿನ ಸರ, ನನ್ನ ಚಿಂದಿಯ ಗುಲಾಬಿ, ಯಾವುದೂ ಬಿಡಲಿಲ್ಲ. ಅವ್ವನ ಸೀರೆಯ ಪರದೆಯನ್ನು ಬಿಚ್ಚಲೂ ಪುರುಸೊತ್ತಿಲ್ಲದೆ ಜಗ್ಗಿ ಹರಿದೆ. ಎಲ್ಲವನ್ನೂ ಟ್ರಾಲಿಗೆ ತುಂಬಿ ತಿಪ್ಪೆಗೆ ಕಳಿಸಿದೆ. ಸುಗಂಧಾಕ್ಕ ತಿಪ್ಪೆಯವರೆಗೆ ಹಿಂದೆಯೇ ಓಡಿ ಎರಡು ಸೀರೆ ಉಳಿಸಿಕೊಂಡು ಬಂದಳು.

ಆಮೇಲೆ ಅದೇ ಡೆಕೋರೇಶನ್‌ದವನಿಗೆ ಫೋನ್ ಮಾಡಿ, ಅವನು ಕೇಳಿದಷ್ಟು ಕೊಟ್ಟು ಪ್ಲಾಸ್ಟಿಕ್ ಹೂವಿನ ಕಮಾನು ತರಿಸಿದೆ. ಹಿಂದಿನ ದಿನ ಇನ್ನೊಂದು ಮದುವೆಯಲ್ಲಿ ನಿಂತಿದ್ದ ಕಮಾನು, ಧೂಳು ಕೂಡ ಝಾಡಿಸಿರಲಿಲ್ಲ. ನಡುವಿನ ಥರ್ಮಾಕೋಲ್ ಫಲಕವನ್ನು ತಿರುವಿ ಹಾಕಿದ್ದರು. ಸರಿಯಾಗಿ ಅಕ್ಕಿಕಾಳು ಬೀಳುವಾಗ ಗಾಳಿಗೆ ಅದು ಮಗುಚಿತು. ಫೋಟೊದಲ್ಲಿ ನನ್ನ ಮತ್ತು ಸುಧೀರರ ತಲೆಯ ಮೇಲೆ ‘ಕುನಾಲ – ಶೀತಲ’ ಎಂದು ದೊಡ್ಡದಾಗಿ ಬಂದಿದೆ. ಕುನಾಲ ಯಾರೋ, ಶೀತಲ ಯಾರೋ, ದೇವರು ಅವರನ್ನು ಚೆನ್ನಾಗಿಡಲಿ. ಆ ಆಲ್ಬಮ್ಮನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಸುಧೀರ ಆಗ ಮದುಮಗನ ಬಿಡಾರದಲ್ಲಿ, ಜಾನವಸದಲ್ಲಿದ್ದರು, ಇದಾವುದೂ ಅವರಿಗೆ ಗೊತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ “ನಿಮ್ಮಣ್ಣನ ಸ್ಟೇಟಸ್‌ನಾಗ ಚಂದ ಹಂದರ ನೋಡಿದ್ನೆಲಾ, ಎಲ್ಲಿ ಹೋತು ಅದು?” ಎಂದು ಕೇಳಿದರು. ಎಲ್ಲ ಹೇಳಿದೆ. ಕೇಳಿ, “ನಿಮ್ಮಣ್ಣ ನಿನ್ನ ಪರ ಒಂದ ಮಾತರ ಆಡಬೇಕಿತ್ತು” ಅಂದರು. ಹೊಳೆವ್ವ ಬೇರೆ ಮನೆಯವರು, ಅವರ ಮಾತು ಒಂದು ದಿನ ಉರಿದು ಆರುತ್ತದೆ. ನಮ್ಮ ಮನೆಯ ಅಂಗಳದಲ್ಲಿ, ನಮ್ಮ ಮಂದಿಯ ಮುಂದೆ, ನನ್ನನ್ನು ಬುದ್ಧಿಗೇಡಿ ಮಾಡಿ ನಿಲ್ಲಿಸಿದವನು ನೀನು. ಹತ್ತು ಸಲ ಕೇಳಿಕೊಂಡೆ, ಸಂಜುಅಣ್ಣ ಹೆದರುಪುಕ್ಕಲನಲ್ಲ, ಕಾಲುವೆ ನೀರಿಗೆ ಊರನ್ನೇ ಎದುರು ಹಾಕಿಕೊಂಡವನು, ಅವತ್ತು ಒಬ್ಬ ಮುದುಕಿಯ ಮುಂದೆ ಯಾಕೆ ಹಾಗೆ ಕೈ ಮುಗಿದ ಎಂದು.

ಇನ್ನು ಸಾಕು. ವೈನಿಗೆ ನಮಸ್ಕಾರ. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಚೆನ್ನಾಗಿ ಕಲಿಯಲಿ, ಗಟ್ಟಿ ದನಿಯಲ್ಲಿ ಮಾತಾಡುವುದನ್ನು ಕಲಿಯಲಿ. ಸುಗಂಧಾಕ್ಕನ ಆ ಎರಡು ದಿನದ ಪಗಾರ ಮರೆಯದೆ ಕೊಡು.

ನಿನ್ನ ತಂಗಿ,
ಪ್ರಾಜಕ್ತಾ

ತಾ.ಕ.: ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನೀನು ಮಾಡಬೇಕಾದ ಆ ಒಂದು ಕೆಲಸ ಯಾವುದು ಎಂದು ಬರೆದೇ ಇರಲಿಲ್ಲ.

ಸೋಮವಾರ ಹೊಳೆವ್ವ ಹಿತ್ತಲಲ್ಲಿ ಎಳ್ಳು ಹಸನು ಮಾಡುತ್ತಿದ್ದರು. ಹೋಗಿ ಮುಂದೆ ಕೂತು, “ಅತ್ತಿ, ನಾ ನಿಮಗ ಏನ ಮಾಡೀನ್ರಿ?” ಎಂದು ಕೇಳಿಯೇಬಿಟ್ಟೆ. ಮೊರ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. “ಏನ ಮಾಡೀನಿ ಅಂತ ಕೇಳ್ತಿಯೇನ? ಒಂಬತ್ತ ವರ್ಸದ ಹಿಂದ, ಶ್ರಾವಣದಾಗ, ಬಸ್ ಇಳದ ನಾನಽ ನಡಕೋತ ಬಂದಿದ್ನೆವಾ ನಿಮ್ಮ ಮನಿಗಿ, ಸುಧೀರಗ ನಿನ್ನ ಕೇಳಾಕ. ನಿಮ್ಮಣ್ಣ ಒಳಗ ಬರ್ರಿ ಅನ್ನಲಿಲ್ಲ, ಒಂದ ತಂಬಗಿ ನೀರ ಕೊಡಲಿಲ್ಲ. ನಮ್ಮ ಹುಡುಗಿ ಒಲ್ಲೆ ಅಂತಾಳ, ದ್ರಾಕ್ಷಿ ತ್ವಾಟದಾಗ ದುಡಿಯಾಕ ನಾ ಹುಟ್ಟಿಲ್ಲ ಅಂತಾಳ ಅಂದ. ಅವತ್ತ ಒಲ್ಲದಾಕಿ, ಈಗ ಯಾರೂ ಸಿಗಲಿಲ್ಲಂತ ಬಂದೀ” ಅಂದರು. ಸುಧೀರರೂ ಹಾಗೆಂದೇ ನಂಬಿದ್ದರಂತೆ. ಹಳೆಯದನ್ನು ಕೆದಕಬಾರದು ಎಂದು ನನ್ನನ್ನು ಕೇಳಿರಲಿಲ್ಲ.

ಆ ಶ್ರಾವಣದಲ್ಲಿ ಅವ್ವನಿಗೆ ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು. ಎತ್ತುವವಳು, ತೊಳೆಯುವವಳು, ತುತ್ತು ಇಡುವವಳು ನಾನೊಬ್ಬಳೇ ಇದ್ದೆ. ನಾನು ಹೋದರೆ ಯಾರು ಮಾಡಬೇಕು ಎಂದು ನಿನಗೆ ಹೆದರಿಕೆಯಾಯಿತು. ಅದನ್ನು ನನ್ನ ಮುಂದೆ ಬಾಯಿಬಿಟ್ಟು ಹೇಳಿದ್ದರೆ ನಾನೇ ‘ಸದ್ಯ ಬೇಡ’ ಅನ್ನುತ್ತಿದ್ದೆನೇನೋ! ಅವ್ವ ಇದ್ದ ಏಳೂ ವರ್ಷ ‘ಕುಂಡಲಿ ಕೂಡಲಿಲ್ಲ, ಪ್ರಾಜು’ ಅಂದೆ, ಪ್ರತಿ ಸಲ ನನ್ನ ಹಣೆಬರಹವನ್ನು ಬೈದುಕೊಂಡು ನಾನು ಮಷೀನು ತುಳಿದೆ. ಇನ್ನೂ ಎಷ್ಟು ಮಂದಿಯನ್ನು ಹೀಗೆ ಹೊರಗೇ ನಿಲ್ಲಿಸಿ ಕಳಿಸಿದ್ದೀ? ಮದುವೆಯ ದಿನ ಹೊಳೆವ್ವನ ಜೊತೆ ಎರಡು ಮಾತು ಬೆಳೆದರೆ ಇದು ಹೊರಗೆ ಬೀಳುತ್ತದೆ ಎಂದು ನಿನಗೆ ಗೊತ್ತಿತ್ತು. ಅದಕ್ಕೇ ಅಷ್ಟು ಅವಸರದಲ್ಲಿ ಏಣಿ ಹತ್ತಿದೆ.

ನಾನು ಹೊಳೆವ್ವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಹೇಳಿದರೆ ಅವರು ನಂಬುವುದಿಲ್ಲ. ನಾನು ಹೇಳಿದ ಆ ಕೆಲಸ ಇದೇ, ಸಂಕ್ರಾಂತಿಗೆ ನೀನೇ ಇಲ್ಲಿಗೆ ಬಾ. ಅವರ ಮುಂದೆ, ಸುಧೀರರ ಮುಂದೆ, ನಿನ್ನ ಬಾಯಿಂದಲೇ ಹೇಳು: “ನಮ್ಮ ತಂಗಿ ಒಲ್ಲೆ ಅಂದಿರಲಿಲ್ರಿ. ಆಕೀನ್ನ ನಾ ಕೇಳಽ ಇರಲಿಲ್ಲ.”