ಜೋಡಿಸಬಾರದ ಗೆರೆ

ಬೊರಿವಲಿ,
೧೪ ಜುಲೈ ೨೦೨೪, ಭಾನುವಾರ

ನನ್ನ ಮುದ್ದು ಸೋನಾಲಿಗೆ,

ಅವ್ವನ ಆಶೀರ್ವಾದ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ನಿನ್ನ ಅಪ್ಪ ಇವತ್ತು ದಾದರ್‌ಗೆ, ಅತ್ತೆಯ ಮನೆಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಕನ್ನಡ ಓದುವುದು ನಿನಗೆ ತಡವಾಗುತ್ತದೆ, ಗೊತ್ತು. ಆದರೂ ರುಕ್ಮಿಣಿಬಾಯಿ ಅತ್ತೆಯಿಂದ ಓದಿಸಿಕೊಳ್ಳಬೇಡ. ನಿಧಾನಕ್ಕೆ ನೀನೇ ಓದು.

ಆ ಗ್ರಾಫು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಗಣಿತ ಶಿಬಿರದ ಆಯ್ಕೆ ಪರೀಕ್ಷೆಗೆಂದು ನೀನು ಅಡುಗೆಮನೆಯ ನೆಲದ ಮೇಲೆ ಕೂತು ಓದುತ್ತಿದ್ದೆ. ಎಕ್ಸ್ ಎರಡಕ್ಕಿಂತ ಕಡಿಮೆಯಿದ್ದಾಗ ಒಂದು ಸೂತ್ರ, ಎರಡು ಅಥವಾ ಹೆಚ್ಚಿದ್ದಾಗ ಇನ್ನೊಂದು. ಮೊದಲ ಗೆರೆ ಮೂರರ ಎತ್ತರಕ್ಕೆ ಏರಿ ನಿಂತಿತ್ತು. ಅದರ ತುದಿಗೆ ನೀನು ಖಾಲಿ ಸೊನ್ನೆ ಹಾಕಿದ್ದೆ. ಎರಡನೆಯದು ಐದರ ಎತ್ತರದಲ್ಲಿ ತುಂಬಿದ ಚುಕ್ಕೆಯಿಂದ ಹೊರಟು ಅಡ್ಡಕ್ಕೆ ಸಾಗಿತ್ತು. ನಡುವೆ ಏನೂ ಇಲ್ಲ.

"ಇದೇನ ಹರಕ ಬಟ್ಟಿ ಹಂಗ? ಜೋಡಸು" ಅಂದೆ.

"ಅವ್ವಾ, ಜೋಡಸಿದರ ಒಂದ ಎಕ್ಸ್‌ಗೆ ಭಾಳ ವಾಯ್ ಬರ್ತಾವ. ಫಂಕ್ಷನ್ ಆಗೂದಿಲ್ಲ" ಎಂದು ನೀನು ಮೆತ್ತಗೆ ಹೇಳಿದೆ.

ಚಾಳಿನ ಮಕ್ಕಳಿಗೆ ಹತ್ತನೆಯವರೆಗೆ ಟ್ಯೂಷನ್ ಹೇಳುವವಳು ನಾನು. ಅವತ್ತು ಅವರ ತಾಯಂದಿರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನನಗ ಕಲಸ್ತೀಯೇನ?" ಎಂದು ಪೆನ್ಸಿಲ್ ಕಸಿದುಕೊಂಡು ನಾನೇ ನೆಟ್ಟಗೆ ಗೆರೆ ಎಳೆದು ಎರಡನ್ನೂ ಕೂಡಿಸಿದೆ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂದಾಗ ನೀನು ಹಾಗೆಯೇ ಬರೆದೆ. ಆ ಒಂದು ಲೆಕ್ಕಕ್ಕೆ ಪಟ್ಟಿಯಲ್ಲಿ ಹೆಸರು ತಪ್ಪಿತು. ತಪ್ಪು ನನ್ನದೆಂದು ನನಗೆ ಆಮೇಲೆ ಗೊತ್ತಾಯಿತು, ಸೋನಾಲಿ. ಆದರೂ ಪಕ್ಕದ ಖೋಲಿಯ ಲಕ್ಷ್ಮವ್ವ ಕೇಳಿದಾಗ, ನಿನ್ನ ಎದುರಿಗೇ, "ಹುಡುಗಿಗೆ ಲಕ್ಷ್ಯನ ಇಲ್ಲ" ಎಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ. ಬ್ಯಾಗ್ ತುಂಬಿಕೊಂಡು ಅತ್ತೆಯ ಮನೆಗೆ ಹೊರಟುಹೋದೆ. ಬೈದು ಹೋಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಿನ್ನೆ ಅಂಧೇರಿಗೆ ಹೋಗಿ ನಿಮ್ಮ ಗಣಿತದ ಪ್ರೀತಮ್ ಸರ್ ಅವರನ್ನು ಕಂಡೆ. ತಪ್ಪು ಹೇಳಿಕೊಟ್ಟವಳು ನಾನು ಎಂದೆ. ಪಟ್ಟಿ ಬದಲಾಗುವುದಿಲ್ಲವಂತೆ, ಮುಂದಿನ ವರ್ಷ ಮತ್ತೆ ಬರೆಯಬಹುದಂತೆ. ಆದರೆ ನೀನು ಈಗ ಉತ್ತರ ಗೊತ್ತಿದ್ದರೂ ಕ್ಲಾಸಿನಲ್ಲಿ ಕೈ ಎತ್ತುತ್ತಿಲ್ಲ ಎಂದರು. ಬರುವಾಗ ಲೋಕಲ್‌ನಲ್ಲಿ ಸೀಟು ಸಿಕ್ಕಿತ್ತು, ಕೂರಲು ಮನಸ್ಸಾಗಲಿಲ್ಲ.

ಸಂಜೆ ಲಕ್ಷ್ಮವ್ವನಿಗೂ ನಿಜ ಹೇಳಿದೆ. ಚಹಾ ಕೊಟ್ಟಳು. ಇವತ್ತು ತನ್ನ ಮಗಳನ್ನು ಟ್ಯೂಷನ್‌ಗೆ ಕಳಿಸಿಲ್ಲ. ಇರಲಿ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಬರಬೇಕು ಅನ್ನಿಸಿದಾಗ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಮಹಾದೇವಿ

ತಾ.ಕ.: ಆಮೇಲೆ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಪರೀಕ್ಷೆಯ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ನಿನ್ನ ಪುಸ್ತಕ ತೆರೆದು ನೋಡಿದ್ದೆ. ನೀನು ಹೇಳಿದ್ದೇ ಸರಿಯಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಅವ್ವಾ, ಜೋಡಸ್ಲೇನ?" ಎಂದು ನೀನು ಇನ್ನೊಮ್ಮೆ ಕೇಳಿದೆ. ನಾನು ಹೂಂ ಅಂದೆ.